ಹೇಳಿ ಬರಲು ಹೋದ ಭಾವ

ನಮ್ಮ ಭಾವನಿಗೆ ದೇವರು ಎರಡು ಕಿವಿ ಕೊಟ್ಟದ್ದು ಕನ್ನಡಕ ನಿಲ್ಲಿಸಲಿಕ್ಕೆ ಮಾತ್ರ ಎಂದು ನಾವೆಲ್ಲ ಬಹುಕಾಲ ನಂಬಿದ್ದೆವು. ಈಗಲೂ ಆ ನಂಬಿಕೆಯನ್ನು ಪೂರ್ತಿ ಬಿಟ್ಟಿಲ್ಲ. ಆದರೆ ಪಣಜಿಯಲ್ಲೊಂದು ಬ್ಯಾಂಡಿದೆ. ನಾಲ್ವರು ಹುಡುಗರು, ಹಾಡುವ ಒಬ್ಬಳು ಹುಡುಗಿ. ನಿಮ್ಮ ಪರಮ ನಿಷ್ಠಾವಂತ ಕೇಳುಗ ಯಾರು ಎಂದು ಅವರನ್ನು ಕೇಳಿ ನೋಡಿ! ಗಡ್ಡ ಬಿಟ್ಟವರ, ಕಿವಿಗೆ ಮೂರು ಮೂರು ತೂತು ಮಾಡಿಸಿಕೊಂಡವರ ಹೆಸರು ಹೇಳುವುದಿಲ್ಲ. ಕಾರವಾರದ ಒಂದು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಧೂಳು ಕುಡಿಯುತ್ತ ಕೂತಿರುವ, ಇಸ್ತ್ರಿ ಮಾಡಿದ ಬಿಳಿ ಅಂಗಿಯ ನಮ್ಮ ಭಾವನ ಕಡೆ ಐವರೂ ಬೆರಳು ತೋರಿಸುತ್ತಾರೆ.

ರೆಕಾರ್ಡ್ ರೂಮಿನ ಕೆಲಸವನ್ನು ಭಾವ ಬೇಡಿ ಪಡೆದದ್ದಂತೆ. ಕಡತಗಳು ಮಾತಾಡುವುದಿಲ್ಲವಲ್ಲ! ಸದಾಶಿವಗಡದ ಅವರ ಮನೆಯಲ್ಲಿ ಕುಕ್ಕರಿಗೆ ಸೀಟಿ ಹೊಡೆಯುವ ಅಧಿಕಾರವಿರಲಿಲ್ಲ. ಅದು ಉಸಿರು ಎಳೆದುಕೊಳ್ಳುವ ಹೊತ್ತಿಗೆ ಭಾವ ಇಕ್ಕಳ ಹಿಡಿದು ಓಡಿ ಬಂದು, ಅದರ ಟೋಪಿಯನ್ನು ತುಸುವೇ ಎತ್ತಿ, ಹಬೆಯನ್ನು ಮಗುವಿಗೆ ತೇಗು ಬರಿಸಿದ ಹಾಗೆ ಮೆಲ್ಲಗೆ ಬಿಡಿಸುತ್ತಿದ್ದರು. ಚೌತಿಯಲ್ಲಿ ಮೈಕ್‌ಸೆಟ್ಟಿನವರು ಕೊಂಬನ್ನು ಮನೆಯ ಕಡೆ ತಿರುಗಿಸಿದರೆ, ಭಾವ ಯಾರಿಗೂ ಹೇಳದೆ ಕೇಳದೆ ಹೋಗಿ ಅದನ್ನು ಕಾಳಿ ಹೊಳೆಯ ಕಡೆ ತಿರುಗಿಸಿ ಬರುತ್ತಿದ್ದರು.

"ಎಂತಕ್ಕೆ ಹಂಗೆ ಮಾಡ್ತ್ರಿ ಭಾವ?" ಎಂದರೆ, "ಮೀನು ಕೇಳ್ಕಂಡಿರ್ಲಿ ಮಾರಾಯ. ಅವು ದೂರು ಕೊಡೂದಿಲ್ಲ" ಎನ್ನುತ್ತಿದ್ದರು.

ಮಿಕ್ಸರ್ ತಿರುಗುವಾಗ ಅದಕ್ಕೆ ಕಂಬಳಿ ಹೊದೆಸುತ್ತಿದ್ದರು ಎಂಬ ಮಾತೂ ಇದೆ. ಅದು ನಾನು ಕಣ್ಣಾರೆ ಕಂಡದ್ದಲ್ಲ, ಅಕ್ಕ ಹೇಳಿದ್ದು. ಅಕ್ಕ ಹೇಳುವುದರಲ್ಲಿ ಅರ್ಧ ಸುಳ್ಳಿರುತ್ತಿತ್ತು. ಯಾವ ಅರ್ಧ ಎಂದು ಕೇಳಿ ತಿಳಿಯೋಣವೆಂದರೆ ಈಗ ಅಕ್ಕ ಇಲ್ಲ.

ಅಕ್ಕ ಹೈಸ್ಕೂಲಿನಲ್ಲಿ ಲೆಕ್ಕದ ಟೀಚರು. ಹಲ್ಲು ತೋರಿಸಲೆಂದು ಪಣಜಿಗೆ ಹೋದವಳು ಅರ್ಧ ಮುಖ ಮರಗಟ್ಟಿಸಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದು ಬರುತ್ತಿದ್ದಳಂತೆ. ದಾರಿಯಲ್ಲಿ ಒಂದು ಹಳೆಯ ಮನೆಯ ಅಂಗಳ. ಒಳಗಿನಿಂದ ಹಾಡು. ಸಿನಿಮಾದ್ದಲ್ಲ, ದೇವರದ್ದಲ್ಲ, ರೇಡಿಯೋದಲ್ಲಿ ಬಂದದ್ದೂ ಅಲ್ಲ. ಅಕ್ಕ ಒಳಗೆ ಹೋದಳು. ಹೊರಗೆ ಬರುವಾಗ ಹಲ್ಲುನೋವು ಹೋಗಿತ್ತು, ಇನ್ನೊಂದು ಖಾಯಿಲೆ ಹಿಡಿದಿತ್ತು. ಆಮೇಲೆ ಅವರು ಎಲ್ಲಿ ಹಾಡಿದರೂ ಅಕ್ಕ ಹಾಜರು. ಯಾವ ಕಂಪನಿಯ ಹಂಗೂ ಇಲ್ಲದೆ ತಾವೇ ಹಾಡು ಕಟ್ಟಿ, ತಾವೇ ಪೋಸ್ಟರ್ ಬರೆದು, ಹಾಡಿ ಮುಗಿದ ಮೇಲೆ ತಾವೇ ವೈರು ಸುತ್ತಿಕೊಂಡು ಹೋಗುವ ಇಂಥವರಿಗೆ ಇಂಡಿ ಬ್ಯಾಂಡ್ ಎನ್ನುತ್ತಾರೆ ಎಂದು ನನಗೆ ಕಲಿಸಿದವಳು ಅವಳೇ. ಎದುರಿನ ಸಾಲಿನಲ್ಲಿ ಇಪ್ಪತ್ತರ ಹುಡುಗ ಹುಡುಗಿಯರ ನಡುವೆ, ಕಾಟನ್ ಸೀರೆಯುಟ್ಟು, ಚೀಲವನ್ನು ಎದೆಗವಚಿಕೊಂಡು ಅಕ್ಕ ನಿಂತಿರುವ ಒಂದು ವಿಡಿಯೋ ನನ್ನ ಫೋನಿನಲ್ಲಿದೆ. ಪೇಪರ್ ತಿದ್ದುವಾಗಿನ ಮುಖವೇ. ಆದರೆ ಪಾದ ಒಂದೇ ಸಮ ತಾಳ ಹಾಕುತ್ತಿದೆ.

ಭಾವ ಒಂದು ದಿನವಾದರೂ ಜೊತೆಗೆ ಹೋದರೇ? ಛೆ!

"ಒಂದ್ಸಲ ಬಂದು ನೋಡಿ. ಕಿವಿ ಉದುರಿ ಬೀಳೂದಿಲ್ಲ" ಎಂದು ಅಕ್ಕ.

"ನೋಡೂದೇ ಆದ್ರೆ ಫೋಟೋ ತಕಂಡ್ ಬಾ. ಇಲ್ಲೇ ನೋಡ್ತೆ."

"ಫೋಟೋದಲ್ಲಿ ಹಾಡು ಕೇಳ್ತದ್ಯಾ?"

"ಕೇಳೂದಿಲ್ಲ. ಅದಕ್ಕೇ ಹೇಳಿದ್ದು!"

ಅವಳು ಒತ್ತಾಯ ಮಾಡಿ ಫೋನಿನಲ್ಲಿ ಹಾಡು ಹಚ್ಚಿದರೆ ಭಾವ ಕಣ್ಣು ಮುಚ್ಚಿಕೊಂಡು, "ತಗಡಿನ ಮಾಡಿನ ಮೇಲೆ ತೆಂಗಿನಕಾಯಿ ಬಿದ್ದಂಗೆ ಅದೆ. ಅದೂ ಒಂದಲ್ಲ, ಇಡೀ ಗೊನೆ" ಎಂದು ತೀರ್ಪು ಕೊಡುತ್ತಿದ್ದರು.

ಅಕ್ಕ ಹೋದದ್ದು ಕಳೆದ ಮಳೆಗಾಲದ ಕೊನೆಗೆ. ಖಾಯಿಲೆಯ ಹೆಸರು ಬರೆಯುವುದಿಲ್ಲ. ಬರೆದರೆ ನೀವು ಅದನ್ನೇ ಓದುತ್ತೀರಿ, ಅಕ್ಕನನ್ನು ಬಿಡುತ್ತೀರಿ. ಅವಳ ಕೊನೆಯ ಮಾತು ಏನು ಎಂಬುದರಲ್ಲಿ ನಮ್ಮಲ್ಲಿ ಮೂರು ಪಕ್ಷಗಳಿವೆ. "ಪಣಜಿ ಮಕ್ಳಿಗೂ ಹೇಳ್ಬೇಕು" ಎಂದಳು ಎನ್ನುವುದು ನಮ್ಮಮ್ಮನ, ಅಂದರೆ ಆಯಿಯ ಪಕ್ಷ. "ಪಣಜಿಯವ್ರಿಗೆ ನೀವೇ ಹೋಗಿ ಹೇಳ್ಬೇಕು" ಎಂದಳು ಎನ್ನುವುದು ಭಾವನ ಪಕ್ಷ. ನನಗೆ ನೆನಪಿರುವುದು ಫ್ಯಾನು ಸಣ್ಣ ಮಾಡು ಎಂದದ್ದು. ಮೂವರೂ ಅದೇ ಕೋಣೆಯಲ್ಲಿ, ಅದೇ ಮಂಚದ ಸುತ್ತ ಇದ್ದೆವು. ನೆನಪನ್ನು ನಂಬಿ ಪ್ರಬಂಧ ಬರೆಯುವವರು ಈ ಮಾತನ್ನು ಲಕ್ಷ್ಯದಲ್ಲಿಡಬೇಕು.

ಏನೇ ಇರಲಿ, ಭಾವನ ಪಕ್ಷದಲ್ಲಿ ಒಂದು 'ನೀವೇ' ಇತ್ತು. ಎಲ್ಲ ತೊಂದರೆಯೂ ಅಲ್ಲಿಂದಲೇ ಶುರು.

ನಮ್ಮ ಕಡೆ ಹತ್ತಿರದವರಿಗೆ ಸಾವಿನ ಸುದ್ದಿಯನ್ನು ಮನೆಯವರೊಬ್ಬರು ಹೋಗಿಯೇ ಹೇಳಬೇಕು. ಹೇಳಲು ಹೋದವರು ಕೂರುವಂತಿಲ್ಲ, ಆ ಮನೆಯ ನೀರು ಮುಟ್ಟುವಂತಿಲ್ಲ. ನಿಂತೇ ಹೇಳಬೇಕು, ಹೇಳಿ ಹೊರಡಬೇಕು. ಕೂತು ನೀರು ಕುಡಿದವನು ನೆಂಟನಾದ. ನೆಂಟನ ಬಾಯಲ್ಲಿ ಸಾವಿನ ಸುದ್ದಿ ಬರಬಾರದು. ಈಗಿನವರು ಫೋನಿನಲ್ಲೇ ಮುಗಿಸುತ್ತಾರೆ, ಸರಿ. ಆದರೆ ಆಯಿಯ ಹತ್ತಿರ ಆ ಆಟ ನಡೆಯುವುದಿಲ್ಲ. ವರ್ಷಾಂತಿಕದೊಳಗೆ ಹೇಳಬೇಕಾದವರಿಗೆಲ್ಲ ಹೇಳಿಯಾಗಬೇಕು, ಒಬ್ಬರು ಉಳಿದರೂ ಹೋದವರು ದಾರಿಯಲ್ಲಿ ನಿಂತು ಹಿಂದೆ ನೋಡುತ್ತಿರುತ್ತಾರೆ ಎನ್ನುವುದು ಅವಳ ಶಾಸ್ತ್ರ.

"ನಾನೊಂದು ಮೆಸೇಜ್ ಹಾಕ್ತೆ ಭಾವ, ಅವ್ರದ್ದು ನಂಬರ್ ಅದೆ" ಎಂದಿದ್ದೆ.

ಭಾವ ನನ್ನನ್ನು ನೋಡಿದ ನೋಟ! "ನಿನ್ನಕ್ಕ ಸತ್ತದ್ದನ್ನ ಹೆಬ್ಬೆಟ್ಟಲ್ಲಿ ಒತ್ತಿ ಕಳ್ಸ್ತ್ಯಾ?"

ನಾನು ಫೋನನ್ನು ಜೇಬಿಗೆ ಹಾಕಿಕೊಂಡೆ.

ಮೊದಲ ಸಲ ಭಾವ ಹೋದದ್ದು ಶಾಸ್ತ್ರೋಕ್ತವಾಗಿ. ಬೆಳಗಿನಿಂದ ಹೊಟ್ಟೆಗೆ ಏನೂ ಇಲ್ಲ, ಕ್ಷೌರ ಇಲ್ಲ, ಬಿಳಿ ಅಂಗಿ, ಎರಡೂ ಕಿವಿಗೆ ಹತ್ತಿ. ಪೋಸ್ಟರಿನಲ್ಲಿ ಸಂಜೆ ಎಂದಿತ್ತು. ಭಾವ ನಡುಮಧ್ಯಾಹ್ನವೇ ಹೋಗಿ ಅಂಗಳದ ಬಾಗಿಲಲ್ಲಿ ನಿಂತಿದ್ದಾರೆ. ಸ್ವಲ್ಪ ಹೊತ್ತಿಗೆ ನನಗೆ ಫೋನು.

"ಶುರುವಾಯ್ತು ಮಾರಾಯ. ಆದ್ರೆ ಹಾಡಲ್ಲ, ಬರೀ ಲೆಕ್ಕ ಹೇಳ್ತಾ ಅವ್ರೆ. ಒನ್, ಟೂ. ಮತ್ತೆ ಒನ್, ಟೂ. ನಿನ್ನಕ್ಕ ಲೆಕ್ಕದ ಟೀಚರಲ್ದಾ, ಅದಕ್ಕೇ ಮೆಚ್ಚಿದ್ಲು ಕಾಣ್ತದೆ."

"ಅದು ಮೈಕ್ ಪರೀಕ್ಷೆ ಭಾವ."

"ಪರೀಕ್ಷೆಯೇ ಇರ್ಬೇಕು. ಎರಡ್ರ ಮುಂದೆ ಒಬ್ಬನಿಗೂ ಬರೂದಿಲ್ಲ."

ಮೈಕ್ ಪರೀಕ್ಷೆ ನಡೆಯುವಾಗ ಹೇಳಬಹುದಿತ್ತು. ಆದರೆ ಹಾಡಲು ಹೊರಟವರಿಗೆ ಮೊದಲೇ ಹೇಳುವುದು ಹೇಗೆ? ನಾಟಕದಲ್ಲಿ ಬಣ್ಣ ಹಚ್ಚಿಕೊಂಡವನಿಗೆ ಕೆಟ್ಟ ಸುದ್ದಿ ಹೇಳುತ್ತಾರೆಯೇ? ಮುಗಿಯಲಿ ಎಂದು ಭಾವ ಕಾದರು. ಮುಗಿಯಿತು. ಹಾಡುವ ಹುಡುಗಿ ಬೆವರು ಒರೆಸಿಕೊಳ್ಳುತ್ತ ಇಳಿದವಳು ಭಾವನ ಮುಖ ಕಂಡದ್ದೇ ಕೂಗಿದಳಂತೆ. (ಅವರಿಬ್ಬರ ಮಾತು ಕೊಂಕಣಿಯಲ್ಲಿ ನಡೆಯುವುದು. ನಾನು ನನ್ನ ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದೇನೆ. ಎಷ್ಟು ಸೋರಿಹೋಯಿತೋ!)

"ಟೀಚರ್ ಯಜಮಾನ್ರಲ್ವಾ ನೀವು? ಟೀಚರ್ ಫೋಟೋ ತೋರ್ಸಿದ್ರು! ಏ, ಎಲ್ಲ ಬನ್ರೋ, ಗಲಾಟೆ ಆಗದ ಅಂಕಲ್ ಬಂದಿದ್ದಾರೆ!"

ನಾಲ್ವರೂ ಬಂದರು. ಒಬ್ಬ ಕುರ್ಚಿ ತಂದು ಮೊಣಕಾಲಿನ ಹಿಂದೆ ತಾಗಿಸಿದ. ಬೆಳಗಿನಿಂದ ಉಪವಾಸವಿದ್ದ ಭಾವ ತಾವಾಗಿ ಕೂತರೋ, ಕಾಲು ಸೋತು ಕೂತರೋ, ಅಂತೂ ಕೂತರು. ಇನ್ನೊಬ್ಬ ಕೋಕಂ ಶರಬತ್ತಿನ ಗ್ಲಾಸನ್ನು ಕೈಗೇ ಕೊಟ್ಟ.

"ಟೀಚರ್ ಎಲ್ಲಿ?"

"ಮನೇಲಿ."

"ಆರಾಮಿದ್ದಾರಾ?"

ಕೂತಾಗಿತ್ತು. ಕುಡಿದಾಗಿತ್ತು. ನೆಂಟನಾಗಿ ಹೋಗಿದ್ದರು. ನೆಂಟ ಇನ್ನೇನು ಹೇಳಬೇಕು?

"ಹ್ಞೂಂ. ಆರಾಮ್" ಎಂದರು ಭಾವ.

ಅಂಕೋಲೆಯ ನಮ್ಮ ಮನೆಯಲ್ಲಿ ಆಯಿ ಕಾದು ಕೂತಿದ್ದಳು. "ಹೇಳಿದ್ರಂತಾ?" ಎಂದು ನನ್ನನ್ನು ಕೇಳಿದಳು. ಅಳಿಯನನ್ನು ನೇರ ಕೇಳುವವಳಲ್ಲ. ಇಲ್ಲ ಎಂದೆ. ಯಾಕೆ ಎಂದಳು. ಶರಬತ್ತು ಕುಡಿದ್ರಂತೆ ಎಂದೆ. ಇಷ್ಟು ದೊಡ್ಡ ಕಾರಣಕ್ಕೆ ಆಯಿ ಎದುರು ಮಾತಾಡಲಿಲ್ಲ.

ಎರಡನೆಯ ಸಲ ಭಾವ ಮೈಯೆಲ್ಲ ಎಚ್ಚರವಾಗಿ ಹೋದರು. ಕುರ್ಚಿ ತಂದರೆ ಬೇಡ, ಶರಬತ್ತು ತಂದರೆ ಬೇಡ. "ಉಪವಾಸ" ಎಂದುಬಿಟ್ಟರು. ಅದು ಸುಳ್ಳೂ ಅಲ್ಲ. ಆದರೆ ಗೋವಾದ ಮಕ್ಕಳ ಅಂತಃಕರಣ ಎಂಥದ್ದು ನೋಡಿ! ಹಾಡು ಮುಗಿಯುವುದರೊಳಗೆ ಡ್ರಮ್ಮಿನ ಹುಡುಗ ಯಾರನ್ನೋ ಓಡಿಸಿ ಒಂದು ಚಿಪ್ಪು ಬಾಳೆಹಣ್ಣು ತರಿಸಿದ್ದ. ಉಪವಾಸದವರಿಗೆ ಹಣ್ಣು ನಡೆಯುತ್ತದಲ್ಲ! ಎಲ್ಲರೂ ಸುತ್ತ ನಿಂತು, ಇಷ್ಟು ವಯಸ್ಸಾದವರು ಉಪವಾಸವಿದ್ದು ನಮ್ಮ ಹಾಡು ಕೇಳಲು ಬಂದಿದ್ದಾರೆ ಎಂದು ಕಣ್ಣು ತುಂಬಿಕೊಂಡು, ಸುಲಿದು ಸುಲಿದು ಕೊಟ್ಟರು.

"ಎಷ್ಟು ತಿಂದ್ರಿ ಭಾವ?"

"ಕೊಟ್ಟಷ್ಟು."

ಮೂರನೆಯದು ಮಡಗಾವಿನಲ್ಲಿ. ಅಲ್ಲಿ ಬಾಗಿಲಲ್ಲೇ ತಡೆದು ಮುಂಗೈಗೆ ನೀಲಿ ಮುದ್ರೆ ಒತ್ತಿದರು. ಒಳಗೆ ಎಂದಿನಂತೆ ಹೇಳಲಾಗಲಿಲ್ಲ. ಮಾತಾಡಿಸಲು ನಿಂತವರ ಸರತಿ ಭಾವನನ್ನು ಮುಟ್ಟುವಷ್ಟರಲ್ಲಿ ಬ್ಯಾಂಡಿನವರ ವ್ಯಾನು ಹೊರಟಿತ್ತಂತೆ. (ವ್ಯಾನು ನಿಜವಾಗಿ ಹೊರಟಿತ್ತೇ ಎಂದು ನಾನು ಕೇಳಲಿಲ್ಲ.) ಮರುದಿನ ಕಚೇರಿಯಲ್ಲಿ ಭಾವ ಕಡತ ಚಾಚಿದಾಗ ಹೆಡ್ ಕ್ಲಾರ್ಕಿನ ಕಣ್ಣು ಮುಂಗೈಗೆ ಬಿತ್ತು.

"ಓಹೋ! ಮಠದಲ್ಲಿ ಮುದ್ರೆ ಹಾಕ್ಸ್ಕಂಡ್ರಾ? ಸ್ವಾಮಿಗಳು ಎಲ್ಲಿ ಮೊಕ್ಕಾಂ?"

"ಮಡಗಾವಲ್ಲಿ."

"ಜನ ಬಹಳ ಇದ್ರಾ?"

"ಬಹಳ. ಎಲ್ಲ ನಿಂತೇ ಇದ್ರು" ಎಂದ ಭಾವ ಕಡತಗಳ ನಡುವೆ ಮಾಯವಾದರು. ಹೆಡ್ ಕ್ಲಾರ್ಕು ಆ ವಾರವೆಲ್ಲ ಅವರಿಗೆ ಬಹುವಚನ ಸ್ವಲ್ಪ ಹೆಚ್ಚೇ ಹಾಕಿ ಮಾತಾಡಿಸಿದರಂತೆ.

ಮಾವಿನ ಕಾಲ ಬಂತು. ಒಂದು ಶನಿವಾರ ಬೆಳಿಗ್ಗೆ ಭಾವ ಅಂಕೋಲೆಯ ನಮ್ಮ ಮನೆಯ ಜಗುಲಿಯಲ್ಲಿ ಕೂತು, ಕರಿ ಇಶಾಡಿನ ಹಣ್ಣುಗಳನ್ನು ಒಂದೊಂದಾಗಿ ಮೂಸಿ ನೋಡಿ ಬುಟ್ಟಿಗೆ ಹುಲ್ಲು ಹಾಸಿ ಇಡುತ್ತಿದ್ದರು. ಅಂಕೋಲೆಯ ಈ ಹಣ್ಣಿನ ಮುಂದೆ ಇನ್ನೆಲ್ಲ ಹಣ್ಣೂ ಮಾವಿನ ಹಣ್ಣಿನ ಚಿತ್ರಗಳು ಮಾತ್ರ. ಅದಿರಲಿ. ಆಯಿ ಒಳಗಿನಿಂದ ನೋಡಿದಳು, ನನ್ನನ್ನು ಅಡಿಗೆಮನೆಗೆ ಕರೆದಳು. ದನಿ ತಗ್ಗಿಸಿಯೇ ಕೇಳಿದಳು. ಆದರೆ ಆಯಿ ದನಿ ತಗ್ಗಿಸಿದರೆ ಊರಾಚೆಯ ಬಾಳೆಗುಳಿಯವರೆಗೆ ಕೇಳುತ್ತದೆ.

"ಸಾವಿನ ಸುದ್ದಿ ಹೇಳೂಕೆ ಹೋಗವ್ರು ಯಾರಾದ್ರೂ ಬುಟ್ಟಿ ತುಂಬ ಮಾವಿನ ಹಣ್ಣು ಹೊತ್ಕಂಡು ಹೋಗ್ತ್ರಾ?"

ಜಗುಲಿಯಿಂದ ಉತ್ತರ ಬಂತು, ನನಗೆ ಹೇಳಿದ ಹಾಗೆ. "ಕಳೆದ ವರ್ಷ ಇವ್ಳು ಅವ್ರಿಗೆ ಹಣ್ಣು ಕೊಡ್ತೆ ಹೇಳಿದ್ಲಂತೆ. ಖಾಯಿಲೆಯಲ್ಲಿ ಆಗ್ಲಿಲ್ಲ. ಆ ಹುಡುಗಿ ಕೇಳಿತ್ತು. ಮಾತು ಕೊಟ್ಟದ್ದು, ಎಂತ ಮಾಡೂದು?"

ಆಯಿ ಒಳಗಿನಿಂದ ಇನ್ನೂ ನಾಲ್ಕು ಹಣ್ಣು ತಂದು ನನ್ನ ಕೈಗೆ ಕೊಟ್ಟಳು. "ಅವು ಹುಳಿ ಇರ್ತವೆ. ಇವನ್ನ ಮೇಲೆ ಇಡೂಕೆ ಹೇಳು."

ಆ ಸಲ ತಿರುಗಿ ಬರುವಾಗ ಬುಟ್ಟಿಯಲ್ಲಿ ಹಣ್ಣಿನ ಬದಲು ಒಂದು ಕಪ್ಪು ಟೀಶರ್ಟು ಇತ್ತು. ಎದೆಯ ಮೇಲೆ ಮೀನಿನ ಮುಳ್ಳಿನ ಚಿತ್ರ. ಬ್ಯಾಂಡಿನವರು ಕೊಟ್ಟದ್ದು, ಟೀಚರಿಗೆ. ಗಡಿಯ ಮಾಜಾಳಿಯ ತಪಾಸಣೆಯಲ್ಲಿ ಪೊಲೀಸರು ಬಸ್ಸು ಹತ್ತಿದರು. ಗೋವಾದಿಂದ ಬರುವ ಬಸ್ಸಿನಲ್ಲಿ ಅವರು ಏನು ಹುಡುಕುತ್ತಾರೆ ಎಂದು ವಿವರಿಸಬೇಕಾಗಿಲ್ಲ. ಒಬ್ಬ ಭಾವನ ಬುಟ್ಟಿಗೆ ಕೈ ಹಾಕಿದ.

"ಬಾಟ್ಲಿ ಎಲ್ಲಿ?"

"ಇಲ್ಲ."

"ಹುಲ್ಲು ಹಾಸಿ ಇಟ್ಟಿರಿ. ಬಾಟ್ಲಿ ಇಲ್ಲ ಅಂದ್ರೆ ನಂಬೂಕೆ ಆಗ್ತದ್ಯಾ? ಅಲ್ಲ ಯಜಮಾನ್ರೆ, ಬಾಟ್ಲಿ ಇಲ್ದೆ ಗೋವಾದಿಂದ ಯಾರು ಬರ್ತ್ರು? ಮತ್ತೆ ಎಂತಕ್ ಹೋಗಿದ್ರಿ?"

ಬಸ್ಸಿನಲ್ಲಿದ್ದವರು ನಕ್ಕರು. ಭಾವ ಹೇಳಿದರು. "ನನ್ನ ಹೆಂಡ್ತಿ ತೀರ್ಕಂಡದ್ದು ಒಂದ್ ಕಡೆ ಹೇಳೂಕಿತ್ತು. ಅದಕ್ಕೆ ಹೋಗಿದ್ದೆ."

ಪೊಲೀಸಿನವ ಹುಲ್ಲನ್ನು ಮೊದಲಿದ್ದ ಹಾಗೆ ಟೀಶರ್ಟಿನ ಮೇಲೆ ಸರಿಮಾಡಿದ. ಹಿಂದಿನ ಸೀಟುಗಳನ್ನು ನೋಡದೆಯೇ ಇಳಿದುಹೋದ.

ಇದನ್ನು ನನಗೆ ಹೇಳಿದವರು ಅದೇ ಬಸ್ಸಿನಲ್ಲಿದ್ದ ನಮ್ಮೂರಿನವರು. ಭಾವನನ್ನು ಕೇಳಿದರೆ "ಹಂಗೆಂತ ಆಗ್ಲಿಲ್ಲ" ಎಂದರು. ಆದರೆ ನಾನು ಈ ಒಂದು ಸಂಗತಿಯನ್ನು ನಂಬುತ್ತೇನೆ. ಗುರುತು ಪರಿಚಯವಿಲ್ಲದ ಪೊಲೀಸಿಗೆ, ಬಸ್ಸು ತುಂಬ ಜನರ ಎದುರು ಭಾವ ಒಂದೇ ಉಸಿರಿಗೆ ಹೇಳಬಲ್ಲರು. ಆ ಐವರಿಗೆ ಮಾತ್ರ ಆಗದು.

ಮಳೆಗಾಲ ಮತ್ತೆ ಬಂದು ಹೋಗುವುದರಲ್ಲಿತ್ತು. ಪುರೋಹಿತರು ವರ್ಷಾಂತಿಕದ ದಿನ ಹೇಳಿದರು. ಆಯಿ ಈ ಸಲ ನನ್ನನ್ನು ಕೇಳಲಿಲ್ಲ, ಅಪ್ಪಣೆಯನ್ನೇ ಕೊಟ್ಟಳು.

"ನೀನೂ ಹೋಗು. ಅವ್ರಿಗೆ ಆಗ್ದೆ ಇದ್ರೆ ನೀನು ಹೇಳು. ನನ್ನ ಮಗಳು ಎಷ್ಟು ದಿನ ದಾರಿಯಲ್ಲಿ ನಿಂತ್ಕಂಡಿರ್ಬೇಕು?"

ಆಯಿ ಅಳುವವಳಲ್ಲ. ಮಾತು ಮುಗಿಸಿ ಒಲೆಯ ಕಡೆ ತಿರುಗಿದಳು. ಅಲ್ಲಿ ಒಲೆ ಹೊತ್ತಿರಲಿಲ್ಲ.

ವರ್ಷಾಂತಿಕಕ್ಕೆ ಮೊದಲು ಬ್ಯಾಂಡಿನವರದ್ದು ಪಣಜಿಯಲ್ಲಿ ಒಂದೇ ಕಾರ್ಯಕ್ರಮವಿತ್ತು, ಭಾನುವಾರದ ಇಳಿಹೊತ್ತಿಗೆ. ನಾನೂ ಭಾವನೂ ಹೊರಟೆವು. ಸೇತುವೆ ದಾಟಿ ಸದಾಶಿವಗಡ ಹಿಂದೆ ಬೀಳುವವರೆಗೆ ಭಾವ ಕಿಟಕಿಯ ಕಡೆ ಮುಖ ಮಾಡಿದ್ದರು. ಮಾತು ನಾನೇ ತೆಗೆದೆ.

"ಖರೇ ಹೇಳಿ ಭಾವ. ಹಾಡು ರುಚಿ ಹತ್ತಿದೆ ನಿಮ್ಗೆ."

"ಎಂತ ರುಚಿ? ಕೆಲ್ಸಕ್ಕೆ ಹೋಗವ ನಾನು."

"ಕೆಲ್ಸ ಮುಗಿಯೂದೇ ಇಲ್ವಲ್ಲ. ಸರಕಾರಿ ಕೆಲ್ಸವಾ?"

ಭಾವ ನಗುತ್ತಾರೆಂದುಕೊಂಡೆ. ನಗಲಿಲ್ಲ. ಮಾಜಾಳಿ ದಾಟಿದ ಮೇಲೆ, ನನಗೋ ಕಿಟಕಿಗೋ ಗೊತ್ತಾಗದ ಹಾಗೆ ಹೇಳಿದರು.

"ಕಾರವಾರದಲ್ಲಿ ಎಲ್ರಿಗೂ ಗೊತ್ತು. ಗೊತ್ತಿದ್ದವ್ರು ಕೇಳೂದಿಲ್ಲ ಮಾರಾಯ. ನನ್ನ ಕಂಡ್ರೆ ಮಳೆ ವಿಷ್ಯ ಮಾತಾಡ್ತ್ರು, ಮೀನಿನ ದರ ಮಾತಾಡ್ತ್ರು. ಅವ್ಳ ಹೆಸ್ರು ಎತ್ತೂದಿಲ್ಲ. ಒಳ್ಳೇದಕ್ಕೇ, ನಂಗೆ ಬೇಜಾರಾಗ್ತದೆ ಅಂತ. ಪಣಜಿಯಲ್ಲಿ ಈ ಮಕ್ಳು ಮಾತ್ರ ಕೇಳ್ತ್ರು. ಟೀಚರ್ ಹ್ಯಾಂಗವ್ರೆ? ಮಂಡಿನೋವು ಕಮ್ಮಿ ಆಯ್ತಾ? ಹೊಸ ಹಾಡು ಕಳ್ಸಿದ್ದು ಕೇಳಿದ್ರಾ? ಎಂತ ಹೇಳಿದ್ರು?"

"ನೀವು ಎಂತ ಹೇಳ್ತ್ರಿ?"

"ಹೇಳ್ತೆ. ಮಂಡಿನೋವು ಮಳೆಗೆ ಜಾಸ್ತಿ ಅದೆ ಹೇಳ್ತೆ. ಹಾಡು ಚಲೋ ಇತ್ತು, ಕಡೆಗೆ ಸ್ವಲ್ಪ ಉದ್ದ ಆಯ್ತು ಅಂದ್ಲು ಹೇಳ್ತೆ." ನನ್ನ ಕಡೆ ತಿರುಗಿ, "ಅವ್ಳು ಅದನ್ನೇ ಹೇಳ್ತಿದ್ಲು. ಅಲ್ದಾ?" ಎಂದರು.

ಹೌದು ಎಂದೆ. ಇವತ್ತು ಹೇಳಿದರೆ ಇನ್ನು ಕೇಳುವವರು ಯಾರೂ ಉಳಿಯುವುದಿಲ್ಲ ಎಂಬ ಲೆಕ್ಕ ನನಗೂ ಅರ್ಥವಾಗಿತ್ತು. ಹೇಳದಿದ್ದರೆ ಆಯಿ ಹೇಳಿದ ಆ ದಾರಿಯಲ್ಲಿ ಅಕ್ಕ ನಿಂತೇ ಇರುತ್ತಾಳೆ. ನಾನು ಅಂಥದ್ದನ್ನೆಲ್ಲ ನಂಬುವವನಲ್ಲ. ಭಾವನೂ ನಂಬುವವರಲ್ಲ. ಆದರೂ ಇಬ್ಬರೂ ಬೆಳಗಿನಿಂದ ಏನೂ ತಿಂದಿರಲಿಲ್ಲ.

ಅಂಗಳ ಸಣ್ಣದು. ಸುಣ್ಣದ ಗೋಡೆ, ಒಂದು ಹಲಸಿನ ಮರ, ಮರದ ಸುತ್ತ ಬಣ್ಣದ ಬಲ್ಬು. ಹಾಡುವ ಹುಡುಗಿ ದೂರದಿಂದಲೇ ಕೈ ಮಾಡಿದಳು. ಕುರ್ಚಿ ಹಿಡಿದು ಬಂದ ಹುಡುಗನನ್ನು ಭಾವ ಕೈಸನ್ನೆಯಲ್ಲೇ ತಡೆದರು. ಶರಬತ್ತೂ ತಿರುಗಿ ಹೋಯಿತು. ನಾವು ಎದುರಿನ ಸಾಲಿಗೆ ಹೋಗಿ ನಿಂತೆವು. ಹಾಡು ಶುರುವಾಯಿತು. ಗೆಳೆಯರೇ, ಅದು ಜೋರೆಂದರೆ ಜೋರು! ನನ್ನ ಅಂಗಿಯ ಗುಂಡಿಗಳು ಅದುರುತ್ತಿದ್ದವು. ಹಲಸಿನ ಮರದ ಕಾಗೆಗಳು ಮೊದಲ ಹಾಡಿಗೇ ಬೇರೆ ಮರ ನೋಡಿಕೊಂಡವು. ಇಲ್ಲಿ ಭಾವ ಕಿವಿಯ ಹತ್ತಿಯನ್ನು ತೆಗೆದು ಹಾಕಿದರು ಎಂದು ಬರೆದರೆ ಚೆನ್ನಾಗಿರುತ್ತದೆ. ತೆಗೆಯಲಿಲ್ಲ. ಇನ್ನೊಂಚೂರು ಒಳಗೆ ತುರುಕಿಕೊಂಡರು.

ಮುಗಿದ ಮೇಲೆ ನಾನೇ ಹೇಳಬೇಕಾದೀತು ಎಂದು ಮನಸ್ಸಿನಲ್ಲಿ ವಾಕ್ಯ ಕಟ್ಟಿಕೊಳ್ಳುತ್ತಿದ್ದೆ. ನನ್ನ ಕೊಂಕಣಿ ಮೀನು ಪೇಟೆಯದ್ದು, ದರ ಇಳಿಸುವುದಕ್ಕೆ ಸಾಕು, ಇದಕ್ಕೆ ಸಾಲದು. ಅಷ್ಟರಲ್ಲಿ ಭಾವ ಎರಡು ಹೆಜ್ಜೆ ಮುಂದೆ ಹೋದರು. ಹಾಡು ನಟ್ಟನಡುವೆ ಇತ್ತು. ಐವರ ಕೈಯೂ ಕೆಲಸದಲ್ಲಿತ್ತು. ಯಾರೂ ಕುರ್ಚಿ ತರುವಂತಿರಲಿಲ್ಲ, ಯಾರೂ ನೀರು ಕೊಡುವಂತಿರಲಿಲ್ಲ. ಹೇಳುವವನು ನಿಂತಿದ್ದ. ಕೇಳಬೇಕಾದವರು ಎದುರಿಗಿದ್ದರು. ಶಾಸ್ತ್ರಕ್ಕೆ ಇನ್ನೇನು ಬೇಕು?

ಭಾವ ಕೈ ಜೋಡಿಸಿದರು. ಬಾಯಿ ತೆರೆದರು. ಜನ್ಮದಲ್ಲಿ ದನಿ ಎತ್ತರಿಸದ ಮನುಷ್ಯನ ಕುತ್ತಿಗೆಯ ನರ ಉಬ್ಬಿದ್ದನ್ನು ನಾನು ನೋಡಿದೆ. ಕೇಳಿಸಿತು ಎಂದು ಬರೆಯಲಾರೆ, ಆ ಸದ್ದಿನಲ್ಲಿ ನನ್ನ ಮಾತೇ ನನಗೆ ಕೇಳುತ್ತಿರಲಿಲ್ಲ. ತುಟಿ ಮಾತ್ರ ಕಂಡಿತು. ಕೊಂಕಣಿಯಲ್ಲ, ಕನ್ನಡ. ಅವರು ಅಕ್ಕನ ಹತ್ತಿರ ಮಾತಾಡುತ್ತಿದ್ದ ಕನ್ನಡ. "ನಿಮ್ಮ ಟೀಚರ್ ಹೋದ್ಲು. ಹೇಳೂಕೆ ಬಂದೆ." ಅಷ್ಟೇ ಇದ್ದಿರಬೇಕು. ಇನ್ನೂ ಏನೋ ಹೇಳಿದರು, ಬಹಳ ಹೇಳಿದರು. ಅದು ನನಗೆ ತಿಳಿಯಲಿಲ್ಲ, ತಿಳಿದುಕೊಳ್ಳಲು ನಾನು ಪ್ರಯತ್ನಿಸಲೂ ಇಲ್ಲ. ಹಾಡುವ ಹುಡುಗಿ ನೋಡಿದಳು. ಗಲಾಟೆ ಆಗದ ಅಂಕಲ್ ಕೊನೆಗೂ ಹಾಡುತ್ತಿದ್ದಾರೆ! ಅವಳ ಮುಖ ಅರಳಿದ್ದನ್ನು ಹೇಗೆ ಹೇಳಲಿ? ಕಣ್ಣು ಮುಚ್ಚಿ, ಇನ್ನೂ ಒಂದು ಪಟ್ಟು ಎತ್ತರಕ್ಕೆ, ಭಾವನಿಗಾಗಿಯೇ ಎಂಬಂತೆ ಹಾಡಿದಳು.

ಭಾವ ತಿರುಗಿ ನಡೆದರು. ಸಾವನ್ನು ಹೇಳಿದವನು ಹೊರಡುವಾಗ 'ಬರ್ತೇನೆ' ಎನ್ನಬಾರದು. ಅವರು ಯಾರಿಗೂ ಕೈ ಬೀಸಲಿಲ್ಲ. ಹಿಂದೆ ನೋಡಲಿಲ್ಲ. ಜನ ಸರಿದು ದಾರಿ ಕೊಟ್ಟರು. ನಾನು ಹಿಂದಿನಿಂದ ಓಡಿದೆ.

ಹೊರಗೆ ಮಳೆ ನಿಂತ ಬೀದಿ. ಬಸ್ ಸ್ಟ್ಯಾಂಡಿನ ದಾರಿ ಹಿಡಿಯುತ್ತಾರೆಂದುಕೊಂಡೆ. ಭಾವ ಎದುರಿನ ಮನೆಯ ಕಾಂಪೌಂಡಿಗೆ ಬೆನ್ನು ಕೊಟ್ಟು ನಿಂತರು. ಗೋಡೆಯಾಚೆಯಿಂದ ಹಾಡು ಬರುತ್ತಲೇ ಇತ್ತು.

"ಬಸ್ಸಿಗೆ ಹೊತ್ತಾಗ್ತದೆ ಭಾವ."

"ಮುಗೀತಾ ಅದು?"

"ಇನ್ನೂ ಅದೆ."

"ಹಂಗಾರೆ ಮುಗಿಯೂ ತನಕ ನಿಲ್ವ. ಅರ್ಧಕ್ಕೆ ಎದ್ದು ಬಂದ್ರೆ ಅವ್ಳಿಗೆ ಸಿಟ್ಟು ಬರ್ತಿತ್ತು."